ದ್ರಾವಕಗಳೂ ಸಿಹಿನೀರಿನ ಮೀನುಗಳೂ: ತೊಂಬತ್ತಾರು ಗಂಟೆಗಳ ಪರೀಕ್ಷೆ

ಮದ್ದಿನ ಕುಪ್ಪಿಯಲ್ಲಿ ವಿಷವಿರುವುದು ಕೀಟನಾಶಕದಲ್ಲಿ ಮಾತ್ರ, ಉಳಿದುದು ಬರಿಯ ಎಣ್ಣೆ ಎಂದು ನಮ್ಮ ಕೃಷಿಕರಲ್ಲಿ ಅನೇಕರು ತಿಳಿದಿದ್ದಾರೆ. ಕಿಟಕಿ ಬಾಗಿಲುಗಳಿಗೆ ಬಣ್ಣ ಹಚ್ಚಿದ ಮೇಲೆ ಬ್ರಶ್ಶು ತೊಳೆಯುವ ಥಿನ್ನರಿನ ವಿಷಯದಲ್ಲಂತೂ ಯಾರೂ ಚಿಂತಿಸುವುದಿಲ್ಲ. ವಾಸನೆ ಹಾರಿಹೋದರೆ ವಿಷವೂ ಹೋಯಿತೆಂಬುದು ಸಾಮಾನ್ಯ ನಂಬಿಕೆ. ಆದರೆ ಅದೇ ದ್ರವವು ತೋಟದ ತೊಟ್ಟಿಗೋ, ಬೇಸಗೆಯಲ್ಲಿ ತೋಡಿನ ಗುಂಡಿಯಲ್ಲಿ ಉಳಿದ ನೀರಿಗೋ ಬಿದ್ದರೆ ಅಲ್ಲಿರುವ ಮೀನು ಎದ್ದು ಬೇರೆಡೆಗೆ ಹೋಗುವಂತಿಲ್ಲ. ಅದು ಉಸಿರಾಡುವುದೂ ಆ ನೀರನ್ನೇ.

ಇಂತಹ ದ್ರವವು ಮೀನಿಗೆ ಎಷ್ಟು ವಿಷವೆಂಬುದನ್ನು ಅಳೆಯಲು ಕ್ರಮಬದ್ಧವಾದ ಪರೀಕ್ಷೆಯೊಂದಿದೆ. ಅದರಿಂದ ದೊರೆಯುವ ಸಂಖ್ಯೆಯು ಕೈಗಾರಿಕೆಯ ಕಾಗದಪತ್ರಗಳಲ್ಲಿಯೂ ರಾಸಾಯನಿಕಗಳ ಸುರಕ್ಷತಾ ಪತ್ರಗಳಲ್ಲಿಯೂ ಅಚ್ಚಾಗಿರುತ್ತದೆ. ಆ ಸಂಖ್ಯೆಯನ್ನು ಸರಿಯಾಗಿ ಓದಿದರೆ ಉಪಕಾರವುಂಟು. ತಪ್ಪಾಗಿ ಓದಿದರೆ ವರ್ಷಪೂರ್ತಿ ಸಾಕಿದ ಮೀನು ಒಂದೇ ಬೆಳಗಿಗೆ ಹೊಟ್ಟೆ ಮೇಲಾಗಿ ತೇಲಬಹುದು. ಆದುದರಿಂದ ಈ ಪರೀಕ್ಷೆಯ ಕ್ರಮವನ್ನೂ ಅದರ ಸಂಖ್ಯೆಯ ಅರ್ಥವನ್ನೂ ನಮ್ಮ ಹಳ್ಳಿಗರು ತಿಳಿದಿರುವುದು ಅಗತ್ಯ.

ದ್ರಾವಕವೆಂದರೇನು?

ಇನ್ನೊಂದು ಪದಾರ್ಥವನ್ನು ತನ್ನಲ್ಲಿ ಕರಗಿಸಿಕೊಳ್ಳುವ ದ್ರವವೇ ದ್ರಾವಕ. ಉಪ್ಪಿಗೆ ನೀರು ದ್ರಾವಕ. ನೀರಿನಲ್ಲಿ ಕರಗದ ಬಣ್ಣ, ಅಂಟು, ಅರಗು, ಕೀಟನಾಶಕ ಮುಂತಾದವನ್ನು ಕರಗಿಸಲು ಕೈಗಾರಿಕೆಯವರು ಅಸಿಟೋನ್, ಮೆಥನಾಲ್, ಟಾಲುಯೀನ್, ಕ್ಸೈಲೀನ್ ಮೊದಲಾದ ದ್ರವಗಳನ್ನು ಬಳಸುತ್ತಾರೆ. ಇವುಗಳಲ್ಲಿ ಟಾಲುಯೀನ್ ಮತ್ತು ಕ್ಸೈಲೀನ್‌ಗಳು ಕಲ್ಲೆಣ್ಣೆಯಿಂದ ಬರುವಂಥವು. ಪೆಟ್ರೋಲಿನಲ್ಲಿಯೂ ಇವೆ, ಬಣ್ಣದ ಥಿನ್ನರಿನಲ್ಲಿಯೂ ಇರುವುದುಂಟು.

ಮದ್ದಿನ ಕುಪ್ಪಿಯ ಮೇಲೆ ಹೆಸರಿನ ಮುಂದೆ ‘20 ಇ.ಸಿ.’ ಎಂಬಂತಹ ಗುರುತನ್ನು ವಾಚಕರು ನೋಡಿರಬಹುದು. ನೂರರಲ್ಲಿ 20 ಪಾಲು ಕೀಟನಾಶಕವೆಂದು ಅದರ ಅರ್ಥ. ಉಳಿದ 80 ಪಾಲಿನಲ್ಲಿ ಹೆಚ್ಚಿನದು ಕ್ಸೈಲೀನಿನಂತಹ ದ್ರಾವಕ; ಸ್ವಲ್ಪ ಭಾಗ, ಎಣ್ಣೆಯನ್ನು ನೀರಿನೊಡನೆ ಬೆರೆಸುವ ಸಾಬೂನಿನಂತಹ ಪದಾರ್ಥ. ನೀರಿಗೆ ಹೊಯ್ದೊಡನೆ ಮದ್ದು ಹಾಲಿನಂತೆ ಬೆಳ್ಳಗಾಗುವುದು ಇದರಿಂದಲೇ. ಬರಿಯ ಕ್ಸೈಲೀನ್ ನೀರಿನ ಮೇಲೆ ಪೊರೆಯಾಗಿ ತೇಲುತ್ತದೆ. ಲೀಟರು ನೀರಿನಲ್ಲಿ ಕರಗುವುದು ಒಂದು ಗ್ರಾಮಿನ ಆರನೆಯ ಒಂದು ಪಾಲಿನಷ್ಟು ಮಾತ್ರ. ಸಾಬೂನಿನ ಅಂಶ ಸೇರಿದರೆ ಅದು ಸೂಕ್ಷ್ಮ ಹನಿಗಳಾಗಿ ನೀರಿನ ಒಳಕ್ಕೂ ಹರಡಿ ಮೀನಿನ ಕಿವಿರುಗಳನ್ನು ಮುಟ್ಟುತ್ತದೆ.

ಪರೀಕ್ಷೆಯ ಕ್ರಮ

ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಓ.ಇ.ಸಿ.ಡಿ.ಯು ಈ ಪರೀಕ್ಷೆಗೆ 1981ರಲ್ಲಿ ಒಂದು ವಿಧಾನವನ್ನು ಗೊತ್ತುಪಡಿಸಿತು. 203ನೆಯ ಸಂಖ್ಯೆಯ ಈ ಮಾರ್ಗಸೂಚಿಯನ್ನು 1992ರಲ್ಲಿಯೂ 2019ರಲ್ಲಿಯೂ ಪರಿಷ್ಕರಿಸಲಾಯಿತು.

ಪರೀಕ್ಷೆಗೆ ಬಳಸುವ ಮೀನುಗಳಲ್ಲಿ ಸಾಮಾನ್ಯ ಗೆಂಡೆ, ಗಪ್ಪಿ, ರೇನ್‌ಬೋ ಟ್ರೌಟ್, ಅಮೆರಿಕದ ಫ್ಯಾಟ್‌ಹೆಡ್ ಮಿನ್ನೋ ಮುಂತಾದುವುಂಟು. ಎಲ್ಲಕ್ಕಿಂತ ಹೆಸರಾದದ್ದು ಮೈಮೇಲೆ ನೀಲಿ ಪಟ್ಟೆಗಳಿರುವ ಪುಟ್ಟ ಜೀಬ್ರಾ ಮೀನು. ಇದು ನಮ್ಮ ದೇಶದ ಮೀನೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಇಲ್ಲಿನ ಬೇಸಾಯವನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಈ ಮೀನನ್ನು ಮೊದಲಾಗಿ ವರ್ಣಿಸಿದನು.

ಮೊದಲು ಮೀನುಗಳನ್ನು ಕೆಲವು ದಿನ ಪ್ರಯೋಗಶಾಲೆಯ ನೀರಿಗೆ ಒಗ್ಗಿಸುತ್ತಾರೆ. ರೋಗವಿದ್ದವನ್ನು ತೆಗೆದುಹಾಕುತ್ತಾರೆ. ಪರೀಕ್ಷೆಗೆ 24 ಗಂಟೆ ಮುಂಚಿನಿಂದ ಮೇವು ನಿಲ್ಲಿಸುತ್ತಾರೆ. ಪರೀಕ್ಷೆ ಮುಗಿಯುವ ತನಕ ಹಾಕುವುದಿಲ್ಲ. ಮೇವು ಕೊಳೆತರೆ ನೀರು ಕೆಟ್ಟು, ಸಾವಿಗೆ ಕಾರಣ ಯಾವುದೆಂದು ತಿಳಿಯದಾಗುತ್ತದೆ.

ಬಳಿಕ ಸಾಲಾಗಿ ತೊಟ್ಟಿಗಳನ್ನು ಇಟ್ಟು ಅವುಗಳಲ್ಲಿ ದ್ರಾವಕವನ್ನು ಏರುವ ಪ್ರಮಾಣದಲ್ಲಿ ಬೆರೆಸುತ್ತಾರೆ. ಕಡಮೆಯೆಂದರೆ ಐದು ಪ್ರಮಾಣಗಳು ಬೇಕು. ಉದಾಹರಣೆಗೆ ಲೀಟರಿಗೆ 4, 8, 16, 32, 64 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ತೊಟ್ಟಿಗೂ ಏಳಕ್ಕೆ ಕಡಮೆಯಿಲ್ಲದಷ್ಟು ಮೀನು. ಇವಲ್ಲದೆ ದ್ರಾವಕವನ್ನೇ ಹಾಕದ ಒಂದು ತೊಟ್ಟಿಯೂ ಇರತಕ್ಕದ್ದು. ಅದು ಸಾಕ್ಷಿಯ ತೊಟ್ಟಿ. ಈ ಶುದ್ಧ ನೀರಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೀನು ಸತ್ತರೆ ಇಡೀ ಪರೀಕ್ಷೆಯೇ ಅಸಿಂಧು. ಅಂತಹ ಪರೀಕ್ಷೆಯಲ್ಲಿ ದೋಷ ದ್ರಾವಕದ್ದೆಂದು ಹೇಳುವಂತಿಲ್ಲ.

24, 48, 72, 96ನೆಯ ಗಂಟೆಗಳಲ್ಲಿ ಮೀನುಗಳನ್ನು ನೋಡಿ ಬರೆದುಕೊಳ್ಳುತ್ತಾರೆ. ಕಿವಿರಿನ ಚಲನೆ ನಿಂತು, ಬಾಲದ ಬುಡವನ್ನು ಮುಟ್ಟಿದರೂ ಅಲುಗದಿದ್ದರೆ ಸತ್ತಿತೆಂದು ಎಣಿಕೆ. ಓರೆಯಾಗಿ ಈಜುವುದು, ತಲೆಕೆಳಗಾಗುವುದು, ಮೈಬಣ್ಣ ಮಾಸುವುದು ಮುಂತಾದ ಚಿಹ್ನೆಗಳನ್ನೂ ಗುರುತಿಸುತ್ತಾರೆ. ನಾಲ್ಕು ದಿನಗಳ ಕೊನೆಯಲ್ಲಿ ಯಾವ ಪ್ರಮಾಣದಲ್ಲಿ ಎಷ್ಟು ಸತ್ತವೆಂದು ಗೆರೆ ಎಳೆದು, ಸರಿಯಾಗಿ ಅರ್ಧಪಾಲು ಮೀನು ಸಾಯುವ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ‘96 ಗಂಟೆಗಳ ಎಲ್.ಸಿ. 50’ ಎಂದು ಹೆಸರು. ಅರ್ಧ-ಮಾರಕ ಪ್ರಮಾಣವೆಂದು ನಾವು ಕರೆಯಬಹುದು. ಸಂಖ್ಯೆ ಕಿರಿದಾದಷ್ಟೂ ವಿಷ ಹಿರಿದು ಎಂಬುದನ್ನು ಮರೆಯಬಾರದು.

ಹಾರಿಹೋಗುವುದನ್ನು ಅಳೆಯುವ ಬಗೆ

ಮೈಲುತುತ್ತಿನಂತಹ ಲವಣವನ್ನು ಪರೀಕ್ಷಿಸುವುದು ಇದಕ್ಕಿಂತ ಸುಲಭ. ಅದು ಗಾಳಿಗೆ ಹಾರುವುದಿಲ್ಲ. ಕ್ಸೈಲೀನ್ ಹಾಗಲ್ಲ. ಬಾಯ್ತೆರೆದ ತೊಟ್ಟಿಗೆ ಬೆಳಗ್ಗೆ ಹಾಕಿದುದರಲ್ಲಿ ಸಂಜೆಗೆ ಬಹುಪಾಲು ಹಾರಿಹೋಗಿರಬಹುದು. ಮೀನಿನ ಉಸಿರಿಗೆಂದು ಗಾಳಿ ಊದಿದರೆ ಇನ್ನೂ ಬೇಗ ಹೋಗುತ್ತದೆ. ಊದದಿದ್ದರೆ ಆಮ್ಲಜನಕ ಕಡಮೆಯಾಗಿ ಮೀನು ಅದರಿಂದಲೇ ಸಾಯಬಹುದು. ನೀರಿನ ಆಮ್ಲಜನಕವು ಅದು ಹಿಡಿಯಬಲ್ಲ ಪ್ರಮಾಣದ ನೂರಕ್ಕೆ 60ಕ್ಕಿಂತ ಇಳಿಯಬಾರದೆಂದು ನಿಯಮವಿದೆ.

ಇದಕ್ಕೆ ಕಂಡುಕೊಂಡ ಉಪಾಯಗಳು ಮೂರು. ಸಣ್ಣ ಮೀನುಗಳನ್ನು ಧಾರಾಳ ನೀರಿನಲ್ಲಿಟ್ಟು ಪಾತ್ರೆಯನ್ನು ಮುಚ್ಚುವುದು ಒಂದು. ದಿನಕ್ಕೊಮ್ಮೆ ಹೊಸ ದ್ರಾವಣವನ್ನು ಬದಲಿಸುವುದು ಅಥವಾ ಸದಾ ಹರಿಯುವಂತೆ ಏರ್ಪಡಿಸುವುದು ಎರಡನೆಯದು. ಹಾಕಿದ ಲೆಕ್ಕವನ್ನು ನಂಬದೆ, ನೀರಿನಲ್ಲಿ ನಿಜವಾಗಿ ಉಳಿದಿರುವುದನ್ನು ಯಂತ್ರದಿಂದ ಅಳೆಯುವುದು ಮೂರನೆಯದು.

ಈ ಎಚ್ಚರ ಎಷ್ಟು ಮುಖ್ಯವೆಂಬುದಕ್ಕೆ ನಿದರ್ಶನವಿದೆ. 1966ರಲ್ಲಿ ಅಮೆರಿಕದ ಪಿಕರಿಂಗ್ ಮತ್ತು ಹೆಂಡರ್ಸನ್ ಎಂಬವರು ಕಲ್ಲೆಣ್ಣೆಯ ರಾಸಾಯನಿಕಗಳನ್ನು ನಾಲ್ಕು ಜಾತಿಯ ಮೀನುಗಳ ಮೇಲೆ ಪರೀಕ್ಷಿಸಿದರು. ಕ್ಸೈಲೀನಿನ ಅರ್ಧ-ಮಾರಕ ಪ್ರಮಾಣ ಲೀಟರಿಗೆ 20ರಿಂದ 40 ಮಿಲಿಗ್ರಾಮಿನೊಳಗೆ ಬಂತು. ಗಪ್ಪಿ ಮೀನಿಗೆ ಸುಮಾರು 35. ಅದು ನೀರಿಗೆ ಹಾಕಿದ ಪ್ರಮಾಣದ ಲೆಕ್ಕ. 1988ರಲ್ಲಿ ಇಟಲಿಯ ವಿಜ್ಞಾನಿಗಳು ಪ್ರಕಟಿಸಿದ ಪರೀಕ್ಷೆಗಳಲ್ಲಿ ಅದೇ ಗಪ್ಪಿಗೆ ಕ್ಸೈಲೀನಿನ ಮೂರು ಬಗೆಗಳೂ ಸುಮಾರು 9ರಿಂದ 13 ಮಿಲಿಗ್ರಾಮಿನಲ್ಲಿಯೇ ಅರ್ಧ-ಮಾರಕವಾದವು. ಟ್ರೌಟ್ ಮೀನಿಗೆ ಒಂದು ಬಗೆಯು 3 ಮಿಲಿಗ್ರಾಮಿಗೂ ಕಡಮೆಯಲ್ಲಿ ಅರ್ಧ-ಮಾರಕವಾಯಿತು. ಮೀನಿನ ಜಾತಿ, ನೀರಿನ ಗುಣ, ಉಷ್ಣತೆ, ಪರೀಕ್ಷೆಯ ರೀತಿ ಇವೆಲ್ಲ ಸಂಖ್ಯೆಯನ್ನು ಬದಲಿಸುತ್ತವೆ. ಆದುದರಿಂದ ಒಂದು ಸಂಖ್ಯೆಯನ್ನು ಕಂಡಾಗ ‘ಯಾವ ಮೀನು, ಎಷ್ಟು ಹೊತ್ತು, ಮುಚ್ಚಿದ ಪಾತ್ರೆಯೋ ತೆರೆದದ್ದೋ’ ಎಂದು ಕೇಳಬೇಕು.

ಮೀನು ಸಾಯುವುದೇಕೆ?

ಈ ದ್ರಾವಕಗಳು ಮೀನಿಗೆ ಮಾಡುವುದು ಮುಖ್ಯವಾಗಿ ಮಂಪರು. ಆಸ್ಪತ್ರೆಯಲ್ಲಿ ಮೂರ್ಛೆಮದ್ದು ಕೊಡುವುದಕ್ಕೂ ಇದಕ್ಕೂ ಸಂಬಂಧವಿದೆ. ಜರ್ಮನಿಯ ಹ್ಯಾನ್ಸ್ ಮೇಯರ್ 1899ರಲ್ಲಿಯೂ, ಗೊದಮೊಟ್ಟೆ ಮರಿಗಳ ಮೇಲೆ ಪ್ರಯೋಗ ನಡೆಸಿದ ಅರ್ನೆಸ್ಟ್ ಓವರ್ಟನ್ 1901ರಲ್ಲಿಯೂ ಒಂದೇ ವಿಷಯವನ್ನು ತೋರಿಸಿದರು: ಯಾವ ಪದಾರ್ಥವು ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚು ಕರಗುತ್ತದೆಯೋ ಅದು ಅಷ್ಟು ಬಲವಾದ ಮಂಪರುಕಾರಿ.

ಕ್ಸೈಲೀನ್ ನೀರಿಗಿಂತ ಎಣ್ಣೆಯಂತಹ ದ್ರವದಲ್ಲಿ ಸಾವಿರ ಪಾಲಿಗಿಂತ ಹೆಚ್ಚು ಸೇರಿಕೊಳ್ಳುತ್ತದೆ. ಅಸಿಟೋನ್ ಹೆಚ್ಚಾಗಿ ನೀರಿನಲ್ಲೇ ಉಳಿಯುತ್ತದೆ. ಆದುದರಿಂದಲೇ ಅಸಿಟೋನಿನ ಅರ್ಧ-ಮಾರಕ ಪ್ರಮಾಣ ಲೀಟರಿಗೆ ಐದಾರು ಸಾವಿರ ಮಿಲಿಗ್ರಾಮಿನಷ್ಟು, ಮೆಥನಾಲಿನದು ಹದಿನೈದು ಸಾವಿರಕ್ಕೂ ಮೇಲೆ, ಕ್ಸೈಲೀನಿನದು ಹತ್ತಿಪ್ಪತ್ತು. ಮೆಥನಾಲ್ ಮೀನಿಗೆ ಸೌಮ್ಯವೆಂದ ಮಾತ್ರಕ್ಕೆ ಮನುಷ್ಯನಿಗೂ ಸೌಮ್ಯವೆಂದು ತಿಳಿಯುವುದು ಪ್ರಾಣಾಪಾಯ. ಕಳ್ಳಭಟ್ಟಿಯಲ್ಲಿ ಬೆರೆತು ಜನರ ಕಣ್ಣನ್ನೂ ಜೀವವನ್ನೂ ತೆಗೆಯುವುದು ಅದೇ ಮೆಥನಾಲ್. ಮೀನಿನ ಲೆಕ್ಕ ಮೀನಿಗೆ, ಮನುಷ್ಯನ ಲೆಕ್ಕ ಮನುಷ್ಯನಿಗೆ.

ಇದೇ ಮಾತು ಮದ್ದಿನ ಕುಪ್ಪಿಯ ಮೇಲಿನ ತ್ರಿಕೋನದ ಬಣ್ಣಕ್ಕೂ ಸಲ್ಲುತ್ತದೆ. ಕೆಂಪು, ಹಳದಿ, ನೀಲಿ, ಹಸುರು ಎಂಬ ನಾಲ್ಕು ಗುರುತುಗಳು ಇಲಿಗಳಂತಹ ಪ್ರಾಣಿಗಳ ಮೇಲೆ ನಡೆಸಿದ ಪರೀಕ್ಷೆಯಿಂದ ಬಂದವು. ಮನುಷ್ಯನಿಗಿರುವ ಅಪಾಯವನ್ನು ಸೂಚಿಸುವುದಕ್ಕಾಗಿ ಇವೆ. ಹಸುರು ತ್ರಿಕೋನವಿದ್ದರೆ ಮೀನಿಗೂ ಬಾಧಕವಿಲ್ಲವೆಂದು ಅರ್ಥವಲ್ಲ.

ಸಂಖ್ಯೆಯನ್ನು ಹೇಗೆ ಓದಬಾರದು

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಅರ್ಧ-ಮಾರಕ ಪ್ರಮಾಣ 10 ಮಿಲಿಗ್ರಾಂ ಎಂದರೆ, 9 ಮಿಲಿಗ್ರಾಂ ತನಕ ಸುರಕ್ಷಿತವೆಂದು ಅರ್ಥವಲ್ಲ. ಹತ್ತರಲ್ಲಿ ಐದು ಮೀನು ಸಾಯುವ ಜಾಗವದು. ಅದಕ್ಕಿಂತ ಕೆಳಗೆ ಹತ್ತರಲ್ಲಿ ಮೂರೋ ಎರಡೋ ಸಾಯುತ್ತವೆ. ಸಾಯದೆ ಉಳಿದವು ಮೇವು ಬಿಡಬಹುದು, ಬೆಳೆಯದಿರಬಹುದು, ಮೊಟ್ಟೆ ಇಡದಿರಬಹುದು. ನಾಲ್ಕು ದಿನದ ಪರೀಕ್ಷೆ ಅದನ್ನು ತೋರಿಸುವುದಿಲ್ಲ. ಮೊಟ್ಟೆ ಮತ್ತು ಮರಿಗಳ ತಾಳಿಕೆಯನ್ನೂ, ಎರಡು ಮೂರು ವಿಷಗಳು ಒಟ್ಟಾಗಿ ಬಂದಾಗ ಏನಾಗುವುದೆಂಬುದನ್ನೂ ಅದು ಹೇಳುವುದಿಲ್ಲ.

ಆದಕಾರಣ ತಿಳಿದವರು ಈ ಸಂಖ್ಯೆಯನ್ನು ಹಾಗೆಯೇ ಬಳಸದೆ ನೂರರಿಂದಲೋ, ಮಾಹಿತಿ ಸಾಲದಿದ್ದರೆ ಸಾವಿರದಿಂದಲೋ ಭಾಗಿಸಿ ಎಲ್ಲೆಯನ್ನು ಗೊತ್ತುಮಾಡುತ್ತಾರೆ. ಕಾರ್ಖಾನೆಗಳು ಹೊರಬಿಡುವ ನೀರಿನ ವಿಷಯದಲ್ಲಿ ನಮ್ಮ ದೇಶದ ನಿಯಮ ಇನ್ನೊಂದು ರೀತಿಯದು. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದ ಪ್ರಕಾರ, ಬೇರೆ ನೀರು ಬೆರೆಸದ ಆ ತ್ಯಾಜ್ಯನೀರಿನಲ್ಲಿಯೇ ಮೀನು ಬಿಟ್ಟರೆ 96 ಗಂಟೆಗಳ ಬಳಿಕ ನೂರಕ್ಕೆ 90 ಬದುಕಿರತಕ್ಕದ್ದು. ‘ಹೊಳೆಗೆ ಸೇರಿದ ಮೇಲೆ ತೆಳುವಾಗುತ್ತದೆ’ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ನಮ್ಮ ತೊಟ್ಟಿಗೆ ಲೆಕ್ಕ

ನನ್ನ ತರಗತಿಯ ಮಕ್ಕಳಿಗೆ ಗುಣಾಕಾರದ ಪಾಠದಲ್ಲಿ ಈ ಲೆಕ್ಕವನ್ನು ಮಾಡಿಸುವುದುಂಟು. ವಾಚಕರೂ ಮಾಡಿನೋಡಬಹುದು.

ಎರಡು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಆಳದ ಸಿಮೆಂಟು ತೊಟ್ಟಿಯಲ್ಲಿ 2,000 ಲೀಟರು ನೀರು ಹಿಡಿಯುತ್ತದೆ. ಲೀಟರಿಗೆ 10 ಮಿಲಿಗ್ರಾಮಿನಂತೆ 20 ಗ್ರಾಂ ಕ್ಸೈಲೀನ್ ಸಾಕು. ಅದು ಸುಮಾರು 23 ಮಿಲಿಲೀಟರು, ಎಂದರೆ ನಾಲ್ಕೈದು ಚಹಾ ಚಮಚ. ಬಣ್ಣದ ಬ್ರಶ್ಶನ್ನು ತೊಟ್ಟಿಯ ಅಂಚಿನಲ್ಲಿ ಅಲಸಿದರೆ ಇಷ್ಟು ಹೋಗುವುದು ಕಷ್ಟವಲ್ಲ. ಇದು ಅರ್ಧಪಾಲು ಗಪ್ಪಿಗಳನ್ನು ಕೊಲ್ಲುವ ಮಟ್ಟ. ಅದರ ನೂರನೆಯ ಒಂದು ಪಾಲನ್ನು ಎಲ್ಲೆಯೆಂದು ಇಟ್ಟುಕೊಂಡರೆ ಇಡೀ ತೊಟ್ಟಿಗೆ ಕೆಲವೇ ಹನಿ.

ಹತ್ತು ಮೀಟರು ಚೌಕದ, ಒಂದೂವರೆ ಮೀಟರು ನೀರಿರುವ ತೋಟದ ಕೆರೆಯಲ್ಲಿ ಒಂದೂವರೆ ಲಕ್ಷ ಲೀಟರು ನೀರುಂಟು. ಅಲ್ಲಿ ಅರ್ಧ-ಮಾರಕ ಮಟ್ಟಕ್ಕೆ ಒಂದೂಮುಕ್ಕಾಲು ಲೀಟರು ಬೇಕು. ನೂರನೆಯ ಪಾಲಿನ ಎಲ್ಲೆಗೆ ಮೂರು ನಾಲ್ಕು ಚಮಚ. ಕೆರೆ ದೊಡ್ಡದೆಂದು ಧೈರ್ಯಪಡಬಾರದು. ಸುರಿದ ಮೂಲೆಯಲ್ಲಿ ಅದು ಕೂಡಲೇ ಎಲ್ಲೆಡೆಗೂ ಬೆರೆಯುವುದಿಲ್ಲ. ಮೀನಿನ ಹಿಂಡು ಅದೇ ಮೂಲೆಯ ನೆರಳಿನಲ್ಲಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ.

ಮದ್ದಿನ ಕುಪ್ಪಿಯಾದರೆ ದ್ರಾವಕದ ಜೊತೆಗೆ ಕೀಟನಾಶಕವೂ ಸೇರುತ್ತದೆ, ಅದರ ಲೆಕ್ಕವೇ ಬೇರೆ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ, 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಎಂಡೋಸಲ್ಫಾನ್, ಟ್ರೌಟ್ ಮೀನಿಗೆ ಲೀಟರಿಗೆ ಸುಮಾರು ಒಂದು ಮೈಕ್ರೊಗ್ರಾಮಿನಲ್ಲಿ ಅರ್ಧ-ಮಾರಕ. ಮಿಲಿಗ್ರಾಮಿನ ಸಾವಿರದ ಒಂದು ಪಾಲು ಅದು. ಕ್ಸೈಲೀನಿಗಿಂತ ಸಾವಿರಾರು ಪಾಲು ತೀಕ್ಷ್ಣ. ಆದುದರಿಂದ ಮದ್ದಿನ ಡಬ್ಬಿಯಲ್ಲಿ ದ್ರಾವಕವು ಚಿಕ್ಕ ವಿಷ, ಥಿನ್ನರಿನ ಡಬ್ಬಿಯಲ್ಲಿ ಅದೇ ವಿಷ. ಎರಡನ್ನೂ ನೀರಿನ ಬಳಿ ತೊಳೆಯಬಾರದು.

ಮೀನು ಸತ್ತರೆ ಮಾಡತಕ್ಕದ್ದು

1. ಮೊದಲು ಕಾರಣವನ್ನು ಊಹಿಸಿ. ಮೋಡ ಕವಿದ ದಿನಗಳಲ್ಲಿ, ಬೆಳಗಿನ ಜಾವ, ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಹೀರುತ್ತ, ದೊಡ್ಡವು ಮುಂಚೆ ಸತ್ತರೆ ಅದು ಬಹುಶಃ ಆಮ್ಲಜನಕದ ಕೊರತೆ. ಹೊತ್ತಿಲ್ಲದ ಹೊತ್ತಿನಲ್ಲಿ ಮರಿಗಳೂ ದೊಡ್ಡವೂ ಒಟ್ಟಿಗೆ ಓರೆಯಾಗಿ ಸುತ್ತುತ್ತ ಬಿದ್ದರೆ, ಕಪ್ಪೆ ಮತ್ತು ನೀರುಹುಳುಗಳೂ ಸತ್ತಿದ್ದರೆ, ವಿಷವೆಂದು ಸಂಶಯಪಡಬೇಕು.

2. ನೀರು ಬರುವ ದಾರಿಯನ್ನು ತಡೆದು ಹೊಸ ನೀರು ಬಿಡಿ. ದ್ರಾವಕದ ಸಂಶಯವಿದ್ದರೆ ನೀರನ್ನು ಪಂಪಿನಿಂದ ಎತ್ತಿ ಚಿಮ್ಮಿಸುವುದು ಒಳ್ಳೆಯದು. ದ್ರಾವಕ ಹಾರಿಹೋಗುತ್ತದೆ, ಗಾಳಿಯೂ ಬೆರೆಯುತ್ತದೆ. ಮಂಪರು ಬಂದ ಮೀನು ಬೇಗನೆ ಶುದ್ಧ ನೀರಿಗೆ ಬಂದರೆ ಚೇತರಿಸಿಕೊಳ್ಳುವುದುಂಟು. ಬೀಡಿ, ಬೆಂಕಿ ಹತ್ತಿರ ಬೇಡ. ಆವಿಯನ್ನು ಮೂಸಿ ನೋಡಬೇಡಿ.

3. ಶುದ್ಧವಾದ ಗಾಜಿನ ಕುಪ್ಪಿಯಲ್ಲಿ ನೀರನ್ನು ಕಂಠಪೂರ್ತಿ, ಒಳಗೆ ಗಾಳಿ ಉಳಿಯದಂತೆ ತುಂಬಿ ಬಿಗಿಯಾಗಿ ಮುಚ್ಚಿ. ಅರ್ಧ ತುಂಬಿದ ಕುಪ್ಪಿಯಲ್ಲಿ ದ್ರಾವಕವು ನೀರಿನಿಂದ ಎದ್ದು ಮೇಲಿನ ಗಾಳಿಗೆ ಸೇರುತ್ತದೆ, ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ. ಕುಪ್ಪಿಯ ಮೇಲೆ ದಿನ, ಗಂಟೆ, ಸ್ಥಳ ಬರೆದು ಮಂಜುಗಡ್ಡೆಯಲ್ಲಿಟ್ಟು ಬೇಗನೆ ತಲಪಿಸಿ. ಆಗತಾನೇ ಸತ್ತ ಎರಡು ಮೂರು ಮೀನುಗಳನ್ನೂ ಹಾಗೆಯೇ ಇಡಿ.

4. ಸತ್ತ ಮೀನನ್ನು ತಿನ್ನಬೇಡಿ, ಕೋಳಿಗೂ ಹಾಕಬೇಡಿ. ಬಾವಿಯಿಂದ ದೂರದಲ್ಲಿ ಹೂಳಿ.

5. ಮೀನುಗಾರಿಕೆ ಇಲಾಖೆಗೂ ಆಯಾ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಡಿ. ಅಲ್ಲಿನ ಭಾಷೆ ಬಾರದೆಂದು ಹಿಂಜರಿಯಬೇಕಾಗಿಲ್ಲ. ಸಂವಿಧಾನದ 350ನೆಯ ವಿಧಿಯಂತೆ, ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಸಾಕ್ಷಿಯ ತೊಟ್ಟಿಯ ಪಾಠ ಇಲ್ಲಿಯೂ ಉಪಯುಕ್ತ: ಮೀನು ಸಾಯದ ಮೇಲ್ದಂಡೆಯ ನೀರನ್ನೂ ಒಂದು ಕುಪ್ಪಿ ತುಂಬಿಕೊಂಡು ಹೋದರೆ ದೂರಿಗೆ ಬಲ ಬರುತ್ತದೆ.

ಈ ಪರೀಕ್ಷೆಯನ್ನು ಯಾರೂ ಮನೆಯಲ್ಲಿ ಮಾಡಲು ಹೊರಡಬಾರದು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಕಾನೂನಿನ ಕಟ್ಟುಪಾಡುಗಳಿವೆ. ಮೀನುಗಳ ಸಾವನ್ನು ಕಡಮೆ ಮಾಡುವ ದಾರಿಗಳನ್ನು ವಿಜ್ಞಾನಿಗಳೂ ಹುಡುಕುತ್ತಿದ್ದಾರೆ. ಜೀಬ್ರಾ ಮೀನಿನ ಮೊಟ್ಟೆಯೊಳಗಿನ ಭ್ರೂಣದ ಮೇಲೆ ಮಾಡುವ ಪರೀಕ್ಷೆಗೆ 2013ರಲ್ಲಿಯೂ, ಟ್ರೌಟ್ ಮೀನಿನ ಕಿವಿರಿನ ಜೀವಕೋಶಗಳನ್ನು ಬೆಳೆಸಿ ಅವುಗಳ ಮೇಲೆಯೇ ಮಾಡುವ ಪರೀಕ್ಷೆಗೆ 2021ರಲ್ಲಿಯೂ ಓ.ಇ.ಸಿ.ಡಿ. ಮನ್ನಣೆ ಕೊಟ್ಟಿದೆ.

ಕೊಡಗಿನಲ್ಲಿ ಹುಟ್ಟಿದ ಪಯಸ್ವಿನಿ ಸುಳ್ಯವನ್ನು ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ನಂದಿಬೆಟ್ಟದ ಕಡೆಯ ದಕ್ಷಿಣ ಪಿನಾಕಿನಿ ಹೊಸೂರಿನ ಹೊಲಗಳಿಗೆ ಬರುತ್ತದೆ. ಮೇಲಿನ ಊರಿನವರು ತೊಳೆದದ್ದು ಕೆಳಗಿನ ಊರಿನವರ ಪಾಲಿಗೆ. ನಾವು ತೊಳೆದದ್ದು ನಮಗಿಂತ ಕೆಳಗಿನವರ ಪಾಲಿಗೆ. ಖಾಲಿ ಮದ್ದಿನ ಕುಪ್ಪಿಯನ್ನು ಮೂರು ಸಲ ಅಲಸಿ ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಹೊಯ್ದು ಬೆಳೆಗೆ ಬಿಟ್ಟುಬಿಡುವುದೂ, ಬ್ರಶ್ಶು ತೊಳೆದ ಥಿನ್ನರನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇಳಿಯಬಿಟ್ಟು ಮೇಲಿನ ತಿಳಿಯನ್ನು ಮತ್ತೆ ಬಳಸುವುದೂ ಹೆಚ್ಚು ಖರ್ಚಿನ ಕೆಲಸವಲ್ಲ. ಈ ಬೇಸಗೆಯಲ್ಲಿ ತೋಡು ಬತ್ತಿ ಗುಂಡಿಗಳಷ್ಟೇ ಉಳಿಯುವ ಮುಂಚೆಯೇ ಪ್ರತಿಯೊಂದು ಮನೆಯವರೂ ಇದನ್ನು ರೂಢಿಗೆ ತರತಕ್ಕದ್ದು.